ಹಕ್ಕಿಯ ಕಾಲಿಗೊಂದು ಉಂಗುರ

ಮಕ್ಕಳೇ, ನಿಮ್ಮ ಮನೆಯ ಹಿತ್ತಿಲಿಗೆ ದಿನವೂ ಒಂದು ಗುಬ್ಬಿ ಬರುತ್ತದೆ ಎಂದುಕೊಳ್ಳಿ. ಇಂದು ಬಂದದ್ದು ನಿನ್ನೆ ಬಂದ ಗುಬ್ಬಿಯೇ, ಅಥವಾ ಅದರಂತೆಯೇ ಕಾಣುವ ಇನ್ನೊಂದೇ? ಕೆಲವು ತಿಂಗಳ ನಂತರ ಅದು ಕಾಣದಾದರೆ ಎಲ್ಲಿಗೆ ಹೋಯಿತು? ಸತ್ತುಹೋಯಿತೇ, ಊರು ಬಿಟ್ಟಿತೇ? ಬರಿಯ ಕಣ್ಣಿನಿಂದ ನೋಡಿ ಇದನ್ನು ಹೇಳಲಾಗುವುದಿಲ್ಲ. ಗ್ರೀಸಿನ ಮಹಾಪಂಡಿತ ಅರಿಸ್ಟಾಟಲನೇ ಕೆಲವು ಹಕ್ಕಿಗಳು ಚಳಿಗಾಲದಲ್ಲಿ ಪೊಟರೆಗಳಲ್ಲಿ ಅಡಗಿ ಮಲಗುತ್ತವೆ ಎಂದು ಬರೆದಿದ್ದ. ಜನ ಅದನ್ನು ಶತಮಾನಗಳ ಕಾಲ ನಂಬಿದ್ದರು.

ಇದಕ್ಕೆ ಒಂದು ಸುಲಭ ಉಪಾಯ ಹೂಡಿದವರು ಒಬ್ಬ ಶಾಲಾ ಮೇಷ್ಟರು. ಡೆನ್ಮಾರ್ಕಿನ ವೀಬೋರ್ಗ್ ಎಂಬ ಊರಿನ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸೆನ್ 1899ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಅಲ್ಯುಮಿನಿಯಂ ಉಂಗುರ ತೊಡಿಸಿದರು. ಸ್ಟಾರ್ಲಿಂಗ್ ಎಂದರೆ ನಮ್ಮ ಮೈನಾ ಹಕ್ಕಿಯ ಕುಟುಂಬದ್ದೇ. ಪ್ರತಿ ಉಂಗುರದ ಮೇಲೂ ಬೇರೆ ಬೇರೆ ಸಂಖ್ಯೆ. ಅಷ್ಟೇ! ಅಂದಿನಿಂದ 'ಒಂದು ಹಕ್ಕಿ' ಎನ್ನುವುದು 'ಇದೇ ಹಕ್ಕಿ' ಆಯಿತು. ಅಮೆರಿಕದಲ್ಲಿ ಈ ಕೆಲಸಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ, ಇಂಗ್ಲೆಂಡಿನಲ್ಲೂ ಭಾರತದಲ್ಲೂ ರಿಂಗಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಉಂಗುರ ತೊಡಿಸುವುದು ಎಂದೇ ರೂಢಿ. ಆದರೆ ಅದು ಬೆರಳಿಗಲ್ಲ, ಕಣಕಾಲಿಗೆ ಹಾಕುವಂಥದ್ದು. ನಿಜವಾಗಿ ನೋಡಿದರೆ ಕಡಗ ಎನ್ನಬೇಕು.

ಈ ಕೆಲಸವನ್ನು ಕಣ್ಣಾರೆ ನೋಡಲು 2019ರ ಸೆಪ್ಟೆಂಬರ್ ಕೊನೆಯ ಶನಿವಾರ ನಮ್ಮ ಕನ್ನಡ ತರಗತಿಯ ಆರು ಕುಟುಂಬಗಳು ಪಾಲೊಮರಿನ್ ಎಂಬಲ್ಲಿಗೆ ಹೋಗಿದ್ದೆವು. ಅಂದು ಮೂರನೇ ತರಗತಿಯಲ್ಲಿದ್ದ ಮಕ್ಕಳು ಈಗ ಹೈಸ್ಕೂಲು ದಾಟುವ ಹಂತದಲ್ಲಿದ್ದಾರೆ. ಅಂದು ಎದ್ದ ಪ್ರಶ್ನೆಯೊಂದನ್ನು ಈಗಿನ ಮಕ್ಕಳೂ ತರಗತಿಯಲ್ಲಿ ಕೇಳಿದ್ದರಿಂದ ಇದನ್ನು ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ.

ಸೌತ್ ಬೇಯಿಂದ ಹೋಗುವವರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಗೋಲ್ಡನ್ ಗೇಟ್ ಸೇತುವೆ ದಾಟಿ, ಹೈವೇ 1 ಹಿಡಿದು, ಸ್ಟಿನ್ಸನ್ ಬೀಚ್ ಕಳೆದ ಮೇಲೆ ಬೊಲಿನಾಸ್ ಎಂಬ ಪುಟ್ಟ ಊರಿನ ಕಡೆ ತಿರುಗಬೇಕು. ಆ ತಿರುವಿನಲ್ಲಿ ಫಲಕ ಇರುವುದಿಲ್ಲ. ಹೊರಗಿನವರು ಬಂದು ಗದ್ದಲ ಮಾಡುವುದು ಬೇಡವೆಂದು ಊರಿನವರು ರಸ್ತೆ ಫಲಕವನ್ನು ಕಿತ್ತುಹಾಕುವುದು ಪ್ರಸಿದ್ಧ. ಅಲ್ಲಿಂದ ಮೆಸಾ ರಸ್ತೆ ಹಿಡಿದು, ಟಾರು ಮುಗಿದು ಮಣ್ಣು ಶುರುವಾದ ಮೇಲೆ ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಕಡಲತೀರದ ದಕ್ಷಿಣದ ತುದಿಯಲ್ಲಿ ಈ ಕೇಂದ್ರ ಸಿಗುತ್ತದೆ. ಇನ್ನೊಂದು ಸ್ವಾರಸ್ಯ: ಸ್ಯಾನ್ ಆಂಡ್ರಿಯಾಸ್ ಬಿರುಕು ಬೊಲಿನಾಸ್ ಲಗೂನಿನ ಅಡಿಯಲ್ಲೇ ಹಾದುಹೋಗುತ್ತದೆ. ಹಾಗಾಗಿ ಪಾಲೊಮರಿನ್ ತಲುಪಿದಾಗ ನಾವು ನಿಂತಿರುವುದು ಬೇರೆಯೇ ಭೂಫಲಕದ ಮೇಲೆ!

1965ರಲ್ಲಿ ಇಲ್ಲಿ ಶುರುವಾದ ಪಾಯಿಂಟ್ ರೇಯ್ಸ್ ಬರ್ಡ್ ಅಬ್ಸರ್ವೇಟರಿ ಉತ್ತರ ಅಮೆರಿಕದ ಮೊದಮೊದಲ ಪಕ್ಷಿ ವೀಕ್ಷಣಾಲಯಗಳಲ್ಲಿ ಒಂದು. 2013ರಲ್ಲಿ ಸಂಸ್ಥೆ ತನ್ನ ಹೆಸರನ್ನು ಪಾಯಿಂಟ್ ಬ್ಲೂ ಕನ್ಸರ್ವೇಷನ್ ಸೈನ್ಸ್ ಎಂದು ಬದಲಿಸಿಕೊಂಡಿತು. ವೀಕ್ಷಣಾಲಯ ಎಂದಾಕ್ಷಣ ದೊಡ್ಡ ದೂರದರ್ಶಕ, ಗುಮ್ಮಟ ಎಂದು ಮಕ್ಕಳು ಊಹಿಸಿಕೊಂಡಿದ್ದರು. ಇದ್ದದ್ದು ಮರದ ಒಂದು ಸಣ್ಣ ಕಟ್ಟಡ, ಸುತ್ತ ಎದೆಯೆತ್ತರದ ಕೊಯೋಟಿ ಬ್ರಶ್ ಪೊದೆಗಳು, ಆಚೆ ಮಂಜು ಮುಸುಕಿದ ಸಮುದ್ರ.

ಪೊದೆಗಳ ನಡುವಿನ ಕಾಲುದಾರಿಯಲ್ಲಿ ಬಲೆಗಳನ್ನು ಕಟ್ಟಿರುತ್ತಾರೆ. ಮಂಜುಬಲೆ ಎಂದು ಇದರ ಹೆಸರು. ಕೂದಲೆಳೆಯಷ್ಟು ಸಣ್ಣ ಕಪ್ಪು ನೈಲಾನ್ ದಾರ, ಉದ್ದ 12 ಮೀಟರ್, ಎತ್ತರ ಆಳಿಗಿಂತ ಸ್ವಲ್ಪ ಹೆಚ್ಚು. ಪೊದೆಯ ನೆರಳಿನಲ್ಲಿ ನಮಗೇ ಕಾಣುವುದಿಲ್ಲ, ಇನ್ನು ಹಕ್ಕಿಗೆ ಹೇಗೆ ಕಾಣಬೇಕು? ಬಲೆಯಲ್ಲಿ ಅಡ್ಡಡ್ಡಲಾಗಿ ಜೋಳಿಗೆಯಂತೆ ಇಳಿಬಿದ್ದ ಮಡಿಕೆಗಳಿರುತ್ತವೆ. ಹಾರಿ ಬಂದ ಹಕ್ಕಿ ತಡೆದು ಆ ಜೋಳಿಗೆಯೊಳಗೆ ಬೀಳುತ್ತದೆ. ಬೆಳಗ್ಗೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬಲೆ ಬಿಚ್ಚಿದರೆ ಮಧ್ಯಾಹ್ನದವರೆಗೂ ಒಬ್ಬರಾದ ಮೇಲೊಬ್ಬರು ಸುತ್ತು ಹಾಕುತ್ತಲೇ ಇರಬೇಕು. ಬಲೆಯಲ್ಲಿ ಹಕ್ಕಿಯನ್ನು ಹೆಚ್ಚು ಹೊತ್ತು ಬಿಡುವಂತಿಲ್ಲ. ಮಳೆ ಬಂದರೆ, ಗಾಳಿ ಜೋರಾದರೆ ಬಲೆ ಮುಚ್ಚುತ್ತಾರೆ.

ನಾವು ಹಿಂಬಾಲಿಸಿದ ಯುವತಿ ಈ ಕೆಲಸವನ್ನು ಕಲಿಯಲು ಬಂದಿದ್ದ ಪದವೀಧರೆ. ಮೊದಲ ಬಲೆಯಲ್ಲಿ ಎರಡು ಹಕ್ಕಿ ಇದ್ದವು. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾ ದಾರವನ್ನು ಬಿಡಿಸಿ, ಒಂದೊಂದನ್ನೂ ಒಂದೊಂದು ಬಟ್ಟೆಯ ಚೀಲಕ್ಕೆ ಹಾಕಿದಳು. ಅಜ್ಜಿಯ ಎಲೆಅಡಿಕೆ ಸಂಚಿಯಂಥ ಚೀಲ. ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆಯಂತೆ.

ಒಳಗೆ ಮೇಜಿನ ಮೇಲೆ ನಡೆದದ್ದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ತೋರುಬೆರಳು, ನಡುಬೆರಳಿನ ನಡುವೆ ಹಕ್ಕಿಯ ಕತ್ತು ಬರುವಂತೆ, ಬೆನ್ನು ಅಂಗೈಗೆ ತಾಗುವಂತೆ ಹಿಡಿಯುತ್ತಾರೆ. ಎದೆಯನ್ನು ಒತ್ತಲೇಬಾರದು, ಏಕೆಂದರೆ ಹಕ್ಕಿ ಎದೆಯನ್ನು ಹಿಗ್ಗಿಸಿಯೇ ಉಸಿರಾಡಬೇಕು. ಕಾಲಿನ ದಪ್ಪ ನೋಡಿ ಉಂಗುರ ಆರಿಸಿ, ವಿಶೇಷ ಇಕ್ಕಳದಿಂದ ಮುಚ್ಚುತ್ತಾರೆ. ಸಡಿಲವಾಗಿ ತಿರುಗಬೇಕು, ಆದರೆ ಜಾರಬಾರದು. ನಮ್ಮ ಕೈಗಡಿಯಾರದ ಹಾಗೆ. ನಂತರ ರೆಕ್ಕೆಯನ್ನು ಅಳೆಯುತ್ತಾರೆ. ಹಕ್ಕಿಯ ವಯಸ್ಸು ತಿಳಿಯಲು ತಲೆಯ ಗರಿಗಳನ್ನು ನೀರಿನಿಂದ ಒದ್ದೆಮಾಡಿ ಸರಿಸಿ, ತೆಳುವಾದ ಚರ್ಮದ ಮೂಲಕ ಬುರುಡೆಯನ್ನು ನೋಡುತ್ತಾರೆ. ಆ ವರ್ಷ ಹುಟ್ಟಿದ ಮರಿಯಾದರೆ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಗುಲಾಬಿ ಬಣ್ಣ ಕಾಣುತ್ತದೆ. ದೊಡ್ಡದಾದರೆ ಬಿಳಿಯ ಚುಕ್ಕೆಗಳು. ಆಮೇಲೆ ಎದೆಯ ಗರಿಗಳ ಮೇಲೆ ಉಫ್ ಎಂದು ಊದುತ್ತಾರೆ. ಗರಿ ಸರಿದಾಗ ಕತ್ತಿನ ಕೆಳಗಿನ ಗುಳಿಯಲ್ಲಿ ಹಳದಿ ಕೊಬ್ಬು ಇದೆಯೇ ಎಂದು ನೋಡಲು. ಆ ಕೊಬ್ಬೇ ವಲಸೆ ಹೋಗುವ ಹಕ್ಕಿಯ ಬುತ್ತಿ. ಕೊನೆಗೆ ಹಕ್ಕಿಯನ್ನು ತಲೆಕೆಳಗಾಗಿ ಸಣ್ಣ ಡಬ್ಬಿಯಲ್ಲಿ ಇಳಿಸಿ ತೂಕ! ಇದನ್ನು ಕಂಡು ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಸ್ವೇನ್ಸನ್ಸ್ ಥ್ರಶ್ ಎಂಬ ಹಾಡುಹಕ್ಕಿ ಐದು ಕ್ವಾರ್ಟರ್ ನಾಣ್ಯಗಳಷ್ಟು ತೂಗಿತು. ಬುಶ್‌ಟಿಟ್ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿ ಒಂದೇ ಕ್ವಾರ್ಟರಿನಷ್ಟು. ಒಂದು ಹಮ್ಮಿಂಗ್ ಬರ್ಡ್ ಸಹ ಸಿಕ್ಕಿತ್ತು. ಅದನ್ನು ಬಲೆಯ ಹತ್ತಿರವೇ ಬಿಟ್ಟುಬಿಟ್ಟರು, ಏಕೆಂದರೆ ಅವುಗಳ ಕಾಲಿಗೆ ಉಂಗುರ ಹಾಕಲು ವಿಶೇಷ ಪರವಾನಗಿಯೇ ಬೇಕು.

ಈಗ ಆ ಪ್ರಶ್ನೆಗೆ ಬರೋಣ. ನಮ್ಮ ಜೊತೆ ಸಾಗರದಿಂದ ಮೊಮ್ಮಕ್ಕಳನ್ನು ನೋಡಲು ಬಂದಿದ್ದ ಒಬ್ಬ ಅಜ್ಜಿ ಇದ್ದರು. ಹಕ್ಕಿಯ ಎದೆ ಪಟಪಟ ಬಡಿಯುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಪಾಪ, ಎದೆ ಹೆಂಗೆ ಹೊಡ್ಕೊಳ್ತದೆ ನೋಡೇ. ಅದರ ಪಾಡಿಗೆ ಇದ್ದಿದ್ದನ್ನ ಹಿಡಿದು ಇಷ್ಟೆಲ್ಲಾ ಯಾಕೆ ಮಾಡಬೇಕು?" ಎಂದು ಮಗಳನ್ನು ಕೇಳಿದರು. ಮಗಳು ಅದನ್ನು ಇಂಗ್ಲಿಷಿನಲ್ಲಿ ಕೇಂದ್ರದವರಿಗೆ ದಾಟಿಸಿದರು. ಮಕ್ಕಳ ಮುಖ ನೋಡಿದರೆ ಅವರ ಮನಸ್ಸಿನಲ್ಲೂ ಅದೇ ಇತ್ತೆಂದು ತಿಳಿಯುತ್ತಿತ್ತು.

ಹಕ್ಕಿಗೆ ಏನೂ ಆಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಅದು ನಮಗೆ ಮೆಚ್ಚುಗೆಯಾಯಿತು. ಹೆದರುತ್ತದೆ, ಅದು ನಿಜ. ಅಪಾಯ ಎಷ್ಟು ಎಂಬುದಕ್ಕೆ ಲೆಕ್ಕವೇ ಇದೆ. ಅಮೆರಿಕ ಮತ್ತು ಕೆನಡಾದ 22 ಸಂಸ್ಥೆಗಳು ಮಂಜುಬಲೆಯಲ್ಲಿ ಹಕ್ಕಿ ಹಿಡಿದ 6,20,000ಕ್ಕೂ ಹೆಚ್ಚು ದಾಖಲೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಾಯಗೊಂಡವು ಶೇಕಡಾ 0.59, ಸತ್ತವು ಶೇಕಡಾ 0.23. ಎಂದರೆ ಸಾವಿರ ಸಲ ಹಿಡಿದರೆ ಸುಮಾರು ಆರು ಗಾಯ, ಎರಡೋ ಮೂರೋ ಸಾವು. ಇದಕ್ಕಾಗಿಯೇ ಸರ್ಕಾರದ ಪರವಾನಗಿಯಿಲ್ಲದೆ, ತಿಂಗಳುಗಟ್ಟಲೆ ತರಬೇತಿಯಿಲ್ಲದೆ ಇದನ್ನು ಯಾರೂ ಮಾಡುವಂತಿಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಸಾವಿರಕ್ಕೆ ಎರಡಾದ್ರೂ ಎರಡು ಜೀವವೇ ತಾನೆ" ಎಂದರು. ಅದೂ ಸರಿಯಾದ ಮಾತೇ. ಹಾಗಾದರೆ ಆ ಎರಡು ಜೀವದ ಬೆಲೆಗೆ ನಮಗೆ ಏನು ತಿಳಿಯುತ್ತದೆ?

ಊಟದ ಹೊತ್ತಿಗೆ, ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕುಳಿತಾಗ, ನಾವು ಅಜ್ಜಿಗೆ ಅವರ ಜಿಲ್ಲೆಯದೇ ಕಥೆ ಹೇಳಿದೆವು. ಮಕ್ಕಳೇ, ನೀವೂ ಕೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ. ಮಂಗನ ಕಾಯಿಲೆ ಎಂದು ಜನ ಕರೆದ ಈ ರೋಗವನ್ನು ವಿಜ್ಞಾನಿಗಳು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಕಾಡಿನ ಉಣುಗುಗಳ ಕಡಿತದಿಂದ ಅದು ಹರಡುತ್ತದೆ. ರೋಗಾಣುವನ್ನು ಪರೀಕ್ಷಿಸಿದಾಗ ಅದು ರಷ್ಯಾದ, ಸೈಬೀರಿಯಾದ ಕೆಲವು ರೋಗಾಣುಗಳ ನೆಂಟ ಎಂದು ಕಂಡುಬಂತು. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ ಎಂಬ ಮಾಹಿತಿಯೇ ಆಗ ಸಾಕಷ್ಟು ಇರಲಿಲ್ಲ. ಆಗ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ, 1959ರಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆ ಕೈಗೊಂಡಿತು. ಹಿಡಿದ ಹಕ್ಕಿಗಳ ರಕ್ತ, ಉಣುಗುಗಳ ಪರೀಕ್ಷೆಯೂ ಅದರ ಭಾಗವಾಗಿತ್ತು. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಇಂದು ಗೊತ್ತಿರುವುದರಲ್ಲಿ ಬಹಳಷ್ಟು ಅಲ್ಲಿಂದ ಬಂದದ್ದು.

ಅಜ್ಜಿಗೆ ಇದು ಹಳೆಯ ಕಥೆಯಾಗಿರಲಿಲ್ಲ. 2018ರ ಕೊನೆಯಿಂದ 2019ರವರೆಗೆ ಅವರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದೇ ಕಾಯಿಲೆ ಜೀವಗಳನ್ನು ತೆಗೆದಿತ್ತು. ಅವರು ಒಂದು ಕ್ಷಣ ಸುಮ್ಮನಿದ್ದು, "ಕಡೆಗೆ ಹಕ್ಕಿಯಿಂದಲೇ ಬಂದದ್ದು ಅಂತ ಗೊತ್ತಾಯ್ತಾ?" ಎಂದು ಕೇಳಿದರು. ಇಲ್ಲ, ವಲಸೆ ಹಕ್ಕಿಗಳು ತಂದವು ಎಂಬುದು ಸಾಬೀತಾಗಲಿಲ್ಲ ಎಂದೆವು. "ಹಂಗಾದ್ರೆ ಹಕ್ಕಿ ಮೇಲಿದ್ದ ಅಪವಾದ ಹೋಯ್ತು ಅನ್ನು" ಎಂದರು ಅಜ್ಜಿ. ಈ ದೃಷ್ಟಿಯಿಂದ ನಾವು ಯಾರೂ ಯೋಚಿಸಿರಲಿಲ್ಲ!

ಪಾಲೊಮರಿನ್ ಹಕ್ಕಿಗಳೂ ಹೀಗೆ ಅನೇಕ ವಿಷಯ ಹೇಳಿವೆ. ಮೇಲೆ ಹೇಳಿದ ಥ್ರಶ್ ಬೇಸಿಗೆಯಲ್ಲಿ ಇಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಮಾಯವಾಗುತ್ತದೆ. ಕೆಲವು ಹಕ್ಕಿಗಳ ಬೆನ್ನಿಗೆ ಬೆಳಕನ್ನು ಅಳೆದು ಸ್ಥಳ ಗುರುತಿಸುವ ಪುಟಾಣಿ ಯಂತ್ರ ಕಟ್ಟಿ, ಮರುವರ್ಷ ಅವೇ ಹಕ್ಕಿಗಳನ್ನು ಮತ್ತೆ ಹಿಡಿದಾಗ, ಅವು ಪಶ್ಚಿಮ ಮೆಕ್ಸಿಕೋದಲ್ಲಿ ಚಳಿಗಾಲ ಕಳೆಯುತ್ತವೆ ಎಂದು ತಿಳಿಯಿತು. ಗೋಲ್ಡನ್ ಕ್ರೌನ್ಡ್ ಸ್ಪ್ಯಾರೋ ಇದಕ್ಕೆ ತಿರುಗಾಮುರುಗಾ: ಚಳಿಗಾಲಕ್ಕೆ ಇಲ್ಲಿ ನೆಂಟ, ಮರಿ ಮಾಡಲು ಅಲಾಸ್ಕಾದ ಕರಾವಳಿಗೆ. ಹಕ್ಕಿ ಹೋದಲ್ಲಿ ಕಾಡಿರಬೇಕು, ಬಂದಲ್ಲಿ ಪೊದೆಯಿರಬೇಕು. ಒಂದು ಊರಿನವರು ಮಾತ್ರ ಕಾಪಾಡಿದರೆ ಸಾಲದು.

ಇನ್ನು ರೆನ್‌ಟಿಟ್. ಕಂದುಬಣ್ಣ, ಉದ್ದ ಬಾಲ, ಬೆಳ್ಳನೆಯ ಕಣ್ಣು. ಅದರ ಕೂಗು ಪಿಂಗ್‌ಪಾಂಗ್ ಚೆಂಡನ್ನು ಮೇಜಿನ ಮೇಲೆ ಬೀಳಿಸಿದಂತೆ, ಮೊದಲು ನಿಧಾನ, ಆಮೇಲೆ ಬೇಗಬೇಗ. ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಬಂಧುಗಳೇ ಇಲ್ಲ, ಬಳಗವೆಲ್ಲ ಏಷ್ಯಾ ಕಡೆ. ನಮ್ಮ ಕಡೆಯದೇ ಅನ್ನಿ! ಆದರೆ ಪ್ರಯಾಣವೆಂದರೆ ಇದಕ್ಕೆ ಆಗದು. ಗಂಡು ಹೆಣ್ಣು ಜೋಡಿಯಾಗಿ ವರ್ಷವಿಡೀ ತಮ್ಮ ಪೊದೆಗಳ ಸಣ್ಣ ಸರಹದ್ದಿನಲ್ಲೇ ಇರುತ್ತವೆ. ಅಂದು ಸಿಕ್ಕ ಒಂದು ರೆನ್‌ಟಿಟ್‌ಗೆ ಆಗಲೇ ಉಂಗುರವಿತ್ತು. ಸಂಖ್ಯೆ ಓದಿ ಪುಸ್ತಕ ತೆರೆದಾಗ, ಐದು ವರ್ಷದ ಹಿಂದೆ ಅಲ್ಲಿಗೆ ಸಮೀಪದ ಬಲೆಯಲ್ಲೇ ಸಿಕ್ಕಿದ್ದ ಹಕ್ಕಿ ಅದು. ಹೊಸ ಹಕ್ಕಿಗಿಂತ ಹಳೆಯ ಹಕ್ಕಿ ಸಿಕ್ಕಾಗಲೇ ಕೇಂದ್ರದವರಿಗೆ ಹೆಚ್ಚು ಸಂತೋಷವೆಂದು ಆಗ ತಿಳಿಯಿತು.

ಅದೇ ಜಾಗ, ಅದೇ ಬಲೆ, ಅದೇ ಹೊತ್ತು. 1960ರ ದಶಕದಿಂದ ಹೀಗೆ ನಡೆದ ಕೆಲಸ ನೋಡಲು ಬೇಸರದ್ದು. ಆದರೆ ಅದರ ಬೆಲೆ 1986ರಲ್ಲಿ ಗೊತ್ತಾಯಿತು. ಆ ಬೇಸಿಗೆ ಬಲೆಗಳಿಗೆ ಮರಿಹಕ್ಕಿಗಳು ಬೀಳುವುದು ಥಟ್ಟನೆ ಕಡಿಮೆಯಾಯಿತು. ಹಿಂದಿನ ವರ್ಷಗಳ ಲೆಕ್ಕ ಇದ್ದುದರಿಂದಲೇ ಇದು ಎದ್ದು ಕಂಡಿತು. ಡೇವಿಡ್ ಡಿಸಾಂಟೆ ಮತ್ತು ಜೆಫ್ ಗೂಪೆಲ್ ಎಂಬ ವಿಜ್ಞಾನಿಗಳು 1987ರಲ್ಲಿ ಇದನ್ನು ಪ್ರಕಟಿಸಿದರು. ಆ ವರ್ಷ ಏಪ್ರಿಲಿನಲ್ಲಿ ಚೆರ್ನೊಬಿಲ್ ಅಣುಸ್ಥಾವರ ಸಿಡಿದಿತ್ತು, ಮೇ ತಿಂಗಳ ಮಳೆಯ ಜೊತೆ ಅದರ ವಿಕಿರಣದ ಅಂಶ ಕ್ಯಾಲಿಫೋರ್ನಿಯಾಕ್ಕೂ ಬಂದಿತ್ತು. ಅದೇ ಕಾರಣವೇ ಎಂದು ಡಿಸಾಂಟೆ ಕೇಳಿದರು. ಆ ಸಂಬಂಧ ಸಾಬೀತಾಗಲಿಲ್ಲ. ಆದರೆ ಬೇರೆ ಕಡೆ ಇಂಥ ಲೆಕ್ಕ ಇಲ್ಲದೆ ಇದ್ದುದರಿಂದ ಹೋಲಿಸುವುದೇ ಕಷ್ಟವಾಯಿತು. ಅದಕ್ಕಾಗಿ ಅವರು ಒಂದೇ ಕ್ರಮದಲ್ಲಿ ನೂರಾರು ಕಡೆ ಹಕ್ಕಿ ಹಿಡಿದು ಎಣಿಸುವ ವ್ಯವಸ್ಥೆಯನ್ನು 1989ರಲ್ಲಿ ಆರಂಭಿಸಿದರು.

ನಮಗೆ ಹತ್ತಿರದ ಇನ್ನೊಂದು ಸಂಗತಿ. ಮಿಲ್ಪಿಟಸ್ ಬಳಿಯ ಕೊಯೋಟಿ ಕ್ರೀಕ್ ದಂಡೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ ಬರ್ಡ್ ಅಬ್ಸರ್ವೇಟರಿ 1980ರ ದಶಕದಿಂದ ಇದೇ ಕೆಲಸ ಮಾಡುತ್ತಾ ಬಂದಿದೆ. ಅಲ್ಲಿನ ಮತ್ತು ಪಾಲೊಮರಿನ್‌ನ ಸುಮಾರು 33 ಸಾವಿರ ಹಕ್ಕಿಗಳ ಅಳತೆಗಳನ್ನು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯಾದರೆ ಹಕ್ಕಿಗಳು ಸಣ್ಣದಾಗುತ್ತವೆ ಎಂಬ ನಿರೀಕ್ಷೆಯಿತ್ತು. ಇಲ್ಲಿ ಕಂಡದ್ದು ಉಲ್ಟಾ, ಅವು ದೊಡ್ಡದಾಗುತ್ತಿದ್ದವು! ರೆಕ್ಕೆಯ ಬೆಳವಣಿಗೆ ವರ್ಷಕ್ಕೆ ಶೇಕಡಾ 0.1ಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಬದಲಾವಣೆ ಕಾಣಬೇಕಾದರೆ ಒಂದೇ ರೀತಿ ಅಳೆದ ಹತ್ತಾರು ವರ್ಷಗಳ ಪುಸ್ತಕ ಬೇಕು.

ಉಂಗುರದ ಕಥೆಗಳಲ್ಲಿ ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ವಿಸ್ಡಮ್ ಎಂಬ ಆಲ್ಬಟ್ರಾಸ್‌ದು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ವಿಜ್ಞಾನಿ ಅವಳಿಗೆ ಉಂಗುರ ತೊಡಿಸಿದರು. 2002ರಲ್ಲಿ ಅದೇ ರಾಬಿನ್ಸ್ ಅದೇ ದ್ವೀಪದಲ್ಲಿ ಅವಳನ್ನೇ ಮತ್ತೆ ಹಿಡಿದರು. ಇಬ್ಬರಿಗೂ 46 ವರ್ಷ ಹೆಚ್ಚಾಗಿತ್ತು. ರಾಬಿನ್ಸ್ 2017ರಲ್ಲಿ ತೀರಿಕೊಂಡರು. ವಿಸ್ಡಮ್ 2024ರ ಕೊನೆಯಲ್ಲಿ, ಸುಮಾರು 74ನೇ ವಯಸ್ಸಿನಲ್ಲಿ, ಮತ್ತೊಂದು ಮೊಟ್ಟೆ ಇಟ್ಟಳು.

ಮಧ್ಯಾಹ್ನ ಮಂಜು ಸರಿಯಿತು. ಹಿಂತಿರುಗುವಾಗ ಬೊಲಿನಾಸ್ ಲಗೂನಿನ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಒಂದು ಗಂಟೆ ಬೈನಾಕ್ಯುಲರ್ ಹಿಡಿದು ನಿಂತೆವು. ಬೆಳ್ಳಕ್ಕಿಗಳು, ಕೆಸರಿನಲ್ಲಿ ಉದ್ದ ಕೊಕ್ಕು ಚುಚ್ಚುವ ಗಾಡ್‌ವಿಟ್‌ಗಳು, ಮರಳದಿಬ್ಬದ ಮೇಲೆ ಸೀಲ್‌ಗಳು, ಮೇಲೆ ಕಂದು ಹೆಜ್ಜಾರ್ಲೆಗಳ ಸಾಲು. ಹೆಜ್ಜಾರ್ಲೆ ಎಂದರೆ ಪೆಲಿಕನ್. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ನೋಡಿದವರಿಗೆ ಹೆಸರು ಗೊತ್ತಿರುತ್ತದೆ. ಆದರೆ ನಮ್ಮ ಹೆಜ್ಜಾರ್ಲೆ ನೀರಿನಲ್ಲಿ ತೇಲುತ್ತಾ ಮೀನು ಹಿಡಿಯುತ್ತದೆ, ಇಲ್ಲಿಯದು ಆಕಾಶದಿಂದ ಕಲ್ಲಿನಂತೆ ಧುಮುಕುತ್ತದೆ. ಕನ್ನಡ ಹೆಸರಿಲ್ಲದ ಹಕ್ಕಿಗಳಿಗೆ ಹೆಸರಿಡುವ ಕೆಲಸವನ್ನು ಮಕ್ಕಳಿಗೆ ಕೊಟ್ಟೆವು. ಗೋಲ್ಡನ್ ಕ್ರೌನ್ಡ್ ಸ್ಪ್ಯಾರೋಗೆ 'ಹೊನ್ನಮುಡಿ ಗುಬ್ಬಿ' ಎಂದಳು ಒಬ್ಬ ಹುಡುಗಿ. ಇದಕ್ಕಿಂತ ಚೆನ್ನಾದ ಹೆಸರು ನಮಗೂ ಹೊಳೆಯಲಿಲ್ಲ. ಅದರ ಸೋದರ ವೈಟ್ ಕ್ರೌನ್ಡ್ ಸ್ಪ್ಯಾರೋ ಬೇ ಏರಿಯಾದ ಒಂದೊಂದು ಕಡೆ ಒಂದೊಂದು ಧಾಟಿಯಲ್ಲಿ ಹಾಡುತ್ತದೆ. ನಮ್ಮಲ್ಲಿ ಮೈಸೂರು ಕನ್ನಡ, ಧಾರವಾಡ ಕನ್ನಡ ಇರುವಂತೆಯೇ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಲೂಯಿಸ್ ಬ್ಯಾಪ್ಟಿಸ್ಟಾ ಇದನ್ನು ವರ್ಷಗಟ್ಟಲೆ ಅಭ್ಯಸಿಸಿದ್ದರು. 2020ರಲ್ಲಿ ಕೋವಿಡ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊದ ರಸ್ತೆಗಳು ಮೌನವಾದಾಗ ಈ ಗಂಡುಹಕ್ಕಿಗಳು ಮೆಲುದನಿಗೆ ಇಳಿದವು ಎಂದೂ ಅಧ್ಯಯನ ತೋರಿಸಿತು.

ಪೋಷಕರಿಗೆ ಒಂದೆರಡು ಮಾತು. ಇಂಥ ಕೇಂದ್ರಗಳಲ್ಲಿ ಬಲೆ ಹಾಕುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ, ಪಾಯಿಸನ್ ಓಕ್ ಧಾರಾಳವಾಗಿದೆ.

ಮಕ್ಕಳೇ, ಉಂಗುರವಿರುವ ಹಕ್ಕಿ ನಿಮಗೂ ಕಾಣಬಹುದು. ಬದುಕಿರುವ ಹಕ್ಕಿಯನ್ನು ಹಿಡಿಯಲು ಹೋಗಬೇಡಿ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಎಷ್ಟೋ ಸಲ ಸಂಖ್ಯೆ ಓದಬಹುದು. ಸತ್ತ ಹಕ್ಕಿ ಸಿಕ್ಕರೆ ಮುಟ್ಟದೆ ದೊಡ್ಡವರನ್ನು ಕರೆಯಿರಿ. ಸಂಖ್ಯೆ, ದಿನಾಂಕ, ಸ್ಥಳ ಬರೆದುಕೊಂಡು ಮೇರಿಲ್ಯಾಂಡಿನಲ್ಲಿರುವ ಸರ್ಕಾರದ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಗೆ ತಿಳಿಸಬೇಕು. ಆ ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ತೊಡಿಸಿದರು ಎಂಬ ವಿವರವಿರುವ ಪ್ರಮಾಣಪತ್ರ ನಿಮಗೆ ಬರುತ್ತದೆ. ರಜೆಗೆ ಊರಿಗೆ ಹೋದಾಗಲೂ ಕೆರೆಯ ಹತ್ತಿರ ಕಣ್ಣು ತೆರೆದಿರಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳನ್ನು ಮೈಸೂರಿನ ಸುತ್ತಲಿನ ಕೆರೆಗಳಲ್ಲಿ ಪಕ್ಷಿವೀಕ್ಷಕರು ಗುರುತಿಸಿದ್ದಾರೆ. ಭಾರತದಲ್ಲಿ ಉಂಗುರ ಕಂಡರೆ ತಿಳಿಸಬೇಕಾದದ್ದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ.